ಬಿಸಿನೀರಿನ ಪಂಪಿಗೆ ತೋಡಿದ ಕುಣಿ

ಹುನಗುಂದದ ನಮ್ಮ ಹತ್ತಿ ಜಿನ್ನಿನ ಉಗಿ ಎಂಜಿನ್ನನ್ನು ಹತ್ತೊಂಬತ್ತು ವರ್ಷ ಓಡಿಸಿದವನು ನಾನು, ಶಾಬುದ್ದೀನ. ೧೯೭೮ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕುವ ಮಾತು ಬಂತು. ಅದು ದಿನಾ ನಾಲ್ಕು ಬಂಡಿ ನೀರು ಕುಡಿಯುತ್ತದಂತೆ! ದುಡಿದ ಉಗಿಯನ್ನೆಲ್ಲ ಆಕಾಶಕ್ಕೆ ಬಿಟ್ಟವರು ನಾವು, ತಪ್ಪು ಮಾತ್ರ ಎಂಜಿನ್ನಿನದು!

ಆ ಉಗಿಯನ್ನು ತಣಿಸಿ ನೀರಾಗಿಸಿ ತೊಟ್ಟಿಗಿಳಿಸಿದೆ. ಆ ಬಿಸಿನೀರನ್ನು ಬಾಯ್ಲರಿಗೆ ತಿರುಗಿ ತಳ್ಳುವ ಪಂಪನ್ನು ನಾನೇ ಲೇಥಿನಲ್ಲಿ ಮಾಡಿದೆ. ಎಂಜಿನ್ನಿನ ತೋಳಿಗೆ ಕಟ್ಟಿದ ಕೋಲು, ಹಿತ್ತಾಳೆ ಕೊಳವೆಯೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನು. ಬಿಸಿಗೆ ಚರ್ಮದ ವಾಶರ್ ತಾಳದೆಂದು ಇಳಕಲ್ಲಿನ ನೇಕಾರರ ನೂಲು ಹೊಸೆದು, ಎಣ್ಣೆ ಕುಡಿಸಿ ಸುತ್ತಿದ್ದೆ.

ಶನಿವಾರ ಮಾಲೀಕರಾದ ಗುರಲಿಂಗಪ್ಪ ಸಾವ್ಕಾರರ ಮುಂದೆ ಶುರು ಮಾಡಿದರೆ ಪಂಪು ಗಡಗಡ ನಡುಗಿತೇ ಹೊರತು ಒಂದು ಹನಿ ತಳ್ಳಲಿಲ್ಲ. ಬಾಗಲಕೋಟೆಯಿಂದ ಬಂದಿದ್ದ ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸೋಮವಾರ ಗುಜರಿ ಫಕ್ರುಸಾಬ ಬರ್ತಾನ. ಎಂಜಿನ್ ಒಡದು ಒಯ್ಯಲಿ," ಎಂದರು ಸಾವ್ಕಾರರು.

ನನಗೆ ಮೈಯೆಲ್ಲ ಉರಿಯಿತು. ರವಿವಾರ ಮತ್ತೆ ಬೆಂಕಿ ಹಾಕಿ, ಪಂಪಿನ ಪಕ್ಕದಲ್ಲೇ ಕೂತು, ಪೈಪು ಮುಟ್ಟಿ ಮುಟ್ಟಿ ನೋಡಿದೆ. ಬಾವಿಯ ಪಂಪು ನೀರಿಗಿಂತ ಮೇಲೆ ಕೂರುವುದನ್ನು ಕಂಡು ಬೆಳೆದವನು, ಇದನ್ನೂ ತೊಟ್ಟಿಗಿಂತ ಮೇಲೆ ಕೂರಿಸಿದ್ದೆ. ತಣ್ಣೀರು ಎಳೆದರೆ ಬರುತ್ತದೆ. ಕುದಿಯುವ ನೀರನ್ನು ಎಳೆದರೆ ದಾರಿಯಲ್ಲೇ ಹಬೆಯಾಗುತ್ತದೆ. ನನ್ನ ಪಂಪು ಬರೀ ಹಬೆ ನುಂಗುತ್ತಿತ್ತು! ಅದು ತೊಟ್ಟಿಗಿಂತ ಕೆಳಗಿರಬೇಕು, ನೀರು ತಾನಾಗಿ ಇಳಿದು ಬರಬೇಕು.

ಆದರೆ ಅಲ್ಲಿ ಕೆಳಗಿದ್ದದ್ದು ಸಾವ್ಕಾರರ ತಂದೆ ಹಾಸಿಸಿದ ಇಳಕಲ್ಲಿನ ಕೆಂಪು ಕಲ್ಲು. ಅಮಾವಾಸ್ಯೆಗೊಮ್ಮೆ ಅದರ ಮೇಲೆ ಕಾಯಿ ಒಡೆಯುತ್ತಿದ್ದರು. ಚಪ್ಪಲಿ ಹಾಕಿಕೊಂಡು ಯಾರೂ ತುಳಿಯುವಂತಿರಲಿಲ್ಲ.

ಸೋಮವಾರ ಫಕ್ರುಸಾಬ ಬಂದ. ಅವನ ಕೈಯಿಂದ ಹಾರೆ ಕಸಿದುಕೊಂಡು ಕಲ್ಲು ಮೀಟಿದೆ.

"ಲೇ ಶಾಬುದ್ದೀನ! ನಮ್ಮಪ್ಪನ ಕಲ್ಲದು!" ಎನ್ನುತ್ತ ಸಾವ್ಕಾರರು ಓಡಿ ಬಂದರು.

"ಎಂಜಿನ್ನೂ ನಿಮ್ಮಪ್ಪಾರದ್ದ ಐತ್ರಿ ಸಾವ್ಕಾರ್ರ. ಅದನ್ನ ಒಡಿಯಾಕ ಈ ಹಾರಿ ತರಿಸಿದವ್ರು ನೀವು."

ಮಧ್ಯಾಹ್ನದೊಳಗೆ ಸೊಂಟದಾಳ ಕುಣಿ ತೋಡಿ, ಪಂಪು ಇಳಿಸಿ, ಉದ್ದನೆಯ ಕೋಲು ಜೋಡಿಸಿದೆ. ಎಂಜಿನ್ ತಿರುಗಿತು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿ ನೀರು ನಿಧಾನಕ್ಕೆ ಏರತೊಡಗಿತು. ನನಗೆ ಅಳು ಬಂತು, ಎಲ್ಲರೆದುರೇ ಅತ್ತೆ.

"ಈಗರ ಕಲ್ಲು ಮೊದಲಿನಂಗ ಹಾಕು," ಎಂದರು ಸಾವ್ಕಾರರು.

"ಹಾಕೂದಿಲ್ರಿ. ಕಲ್ಲು ಹಾಕಬೇಕಂದ್ರ ಪಂಪ್ ಮ್ಯಾಲ ಬರಬೇಕು. ಪಂಪ್ ಮ್ಯಾಲ ಬಂದ್ರ ಎಂಜಿನ್ ಇಲ್ಲ."

ಅವರು ಹತ್ತಿರ ಬಂದು, ಬಗ್ಗಿ, ನಳಿಗೆಯಲ್ಲಿ ಏರಿದ ನೀರು ನೋಡಿದರು. ಆಮೇಲೆ ಗೋಡೆಗೆ ಒರಗಿಸಿದ್ದ ಕಲ್ಲಿಗೆ ಕೈಮುಗಿದು, "ಫಕ್ರುಸಾಬ, ನಿನ್ನ ಹಾರಿ ತಗೊಂಡು ನಡಿ," ಎಂದರು.

"ಹಾರಿ ಇಲ್ಲೇ ಇರ್ಲಿ," ಎಂದೆ ನಾನು. "ಎಣ್ಣಿ ಹಾಕಾಕ ನಾ ಇಳೀಬೇಕಲ್ಲ, ಕುಣಿ ಇನ್ನೊಂದು ಮೊಳ ಅಗಲ ಆಗಬೇಕು."