ಭೀಮಬಾಯಿ ತುಂಬದ ಉಡಿ

ಸಂಘಮಿತ್ರಾ ಮೇಡಂ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಹುಡುಗಿಯ ಊರು ಕೇಳಬೇಡ, ಹುಡುಗಿಯನ್ನು ಯಾರಿಗೂ ತೋರಿಸಬೇಡ. ಶಹಾಬಾದದಲ್ಲಿ ನರ್ಸ್ ಆಗಿರುವ ಈ ಮೇಡಂ, ಮನೆ ಬಿಟ್ಟು ಬಂದ, ಮನೆಯವರೇ ಹೊರಗೆ ಹಾಕಿದ ಹುಡುಗ ಹುಡುಗಿಯರನ್ನು ಒಂದೊಂದು ರಾತ್ರಿ ಇಟ್ಟುಕೊಳ್ಳುವ ಕೆಲವು ಮನೆ ಗೊತ್ತು ಮಾಡಿಟ್ಟಿದ್ದಳು. ವಾಡಿಯಲ್ಲಿ ಇದ್ದದ್ದು ಭೀಮಬಾಯಿಯ ಮನೆಯೊಂದೇ. ಶಾಲೆಯಲ್ಲಿ ಬಿಸಿಯೂಟ ಮಾಡುವ ವಿಧವೆ. ಇರುವುದೊಂದೇ ಖೋಲಿ, ಆದರೆ ಕದಕ್ಕೆ ಗಟ್ಟಿ ಅಗಳಿ.

ಅಂಬಿಕಾ ದೀಪ ಹಚ್ಚುವ ಹೊತ್ತಿಗೆ ಬಂದಳು. ಹತ್ತೊಂಬತ್ತರ ಹುಡುಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಬಾತುಕೊಂಡ ಎಡಗೆನ್ನೆ. ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಅಪ್ಪ ನಲವತ್ತೈದರ ಒಬ್ಬನಿಗೆ ಎರಡನೇ ಸಂಬಂಧಕ್ಕೆ ಕೊಡಲು ನಿಂತಿದ್ದಾನೆ. ಬೆಳಿಗ್ಗೆ ಆರರ ರೈಲು ಹತ್ತಿದರೆ ಬದುಕು, ತಪ್ಪಿದರೆ ಆ ಮನೆ. ಇಷ್ಟನ್ನು ಅವಳೇ ಹೇಳಿದಳು. ಊರು ಹೇಳಲಿಲ್ಲ, ಭೀಮಬಾಯಿ ಕೇಳಲೂ ಇಲ್ಲ. ನೀರು ಕೊಡುವ ಮೊದಲೇ ಊರು ಕೇಳುವ ಜನ ನಾವು. ಕೇಳದೆ ಕೂತಿದ್ದಕ್ಕೆ ಆ ಮುದುಕಿಗೆ ಒಂದು ನಮಸ್ಕಾರ ಹಾಕಬೇಕು.

ರೊಟ್ಟಿ, ಪುಂಡಿಪಲ್ಯ ತಿಂದು ಹುಡುಗಿ ಚೀಲ ತಲೆದಿಂಬು ಮಾಡಿಕೊಂಡು, ಕದದ ಕಡೆ ಮುಖ ಮಾಡಿ ಮಲಗಿದಳು.

ಐದಕ್ಕೆ ಎಬ್ಬಿಸಿದ ಭೀಮಬಾಯಿ ಹುಡುಗಿಯ ಪ್ಲಾಸ್ಟಿಕ್ ಚೀಲ ನೋಡಿದಳು. ಹೆಣ್ಣುಮಗಳನ್ನು ಮನೆಯಿಂದ ಬರಿಗೈಯಲ್ಲಿ ಕಳಿಸುವುದುಂಟೇ? ಅಕ್ಕಿ ಇದೆ, ಕೊಬ್ಬರಿ ಇದೆ, ಪೆಟ್ಟಿಗೆಯಲ್ಲೊಂದು ರವಿಕೆಯ ಖಣವೂ ಇದೆ.

"ಉಡಿ ತುಂಬಿಸಿ ಕಳಸ್ತೀನವ್ವ. ಬಾಜು ಮನಿ ಜಯಮಾಲಾನ್ನ ಕರೀತೀನಿ."

ಹುಡುಗಿ ಗಾಬರಿಯಾಗಿ ಕೈ ಹಿಡಿದಳು. "ಯಾರೂ ಬ್ಯಾಡ್ರಿ ಆಯಿ. ನೀವ ತುಂಬ್ರಿ."

"ಗಂಡ ಸತ್ತಾಕಿ ತುಂಬಬಾರ್ದವ್ವ. ಒಳ್ಳೆ ಕೆಲಸಕ್ಕ ಹೊಂಟೀದಿ, ನನ್ನ ಕೈ ಯಾಕ? ಜಯಮಾಲಾ ಮುತ್ತೈದಿ. ಭಾಳ ಚಲೋ ಹೆಣಮಗಳು."

ಚಲೋ ಹೆಣ್ಣುಮಗಳೇ, ಸುಳ್ಳಲ್ಲ; ಕರೆದ ಕೂಡಲೇ ಬಂದು ಉಡಿ ತುಂಬತೊಡಗಿದಳು. ಆದರೆ ಮೂರನೇ ಬೊಗಸೆ ಅಕ್ಕಿ ಹಾಕುವಾಗ ಆಕೆಯ ಕೈ ನಿಂತಿತು.

"ನೀ ಗುಂಡಗುರ್ತಿ ಹಣಮಂತರಾಯನ ಮಗಳಲ್ಲೇನ? ನಂದೂ ತವರುಮನಿ ಅಲ್ಲೇ ಅದ!"

ಅಂಬಿಕಾ ಮುಖ ತಿರುಗಿಸಿ, ಉಡಿ ಗಂಟು ಹಾಕಿಕೊಂಡು ಚೀಲ ಎತ್ತಿಕೊಂಡಳು. ಜಯಮಾಲಾ ನಗುತ್ತಲೇ ಮನೆಗೆ ಹೋದಳು, ಪಾಪ ಹೆತ್ತವರು ಹುಡುಕುತ್ತಿರುತ್ತಾರೆ, ಮಗಳು ಕ್ಷೇಮವೆಂದು ತಿಳಿಸೋಣ ಎಂದು ತವರಿಗೆ ಫೋನ್ ಮಾಡಿದಳು. ಹಾಳು ಒಳ್ಳೆಯತನ! ಕೆಟ್ಟವರು ಬಂದರೆ ಅಗಳಿ ಹಾಕಬಹುದು, ಒಳ್ಳೆಯವರಿಗೆ ಏನು ಹಾಕುವುದು?

ಹಣಮಂತರಾಯ ರಾತ್ರಿಯೆಲ್ಲ ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ಹುಡುಕುತ್ತಿದ್ದ. ಊರವರು ಅವನಿಗೆ ಸುದ್ದಿ ಮುಟ್ಟಿಸಿದರು; ಅಲ್ಲಿಂದ ವಾಡಿ ಎಷ್ಟು ದೂರ? ಇವರಿಬ್ಬರೂ ಸ್ಟೇಷನ್ನಿಗೆಂದು ಓಣಿಯ ತುದಿ ಮುಟ್ಟುವಷ್ಟರಲ್ಲಿ ಅವನ ಜೀಪು ಎದುರಾಯಿತು. ಭೀಮಬಾಯಿ ಹುಡುಗಿಯನ್ನು ಎಳೆದುಕೊಂಡು ಮನೆಗೆ ಓಡಿ ಅಗಳಿ ಹಾಕಿದಳು, ಮೇಡಂಗೆ ಫೋನ್ ಹಚ್ಚಿದಳು.

"ಪೊಲೀಸರಿಗೆ ಈಗಲೇ ಹೇಳ್ತೀನಿ. ಹತ್ತು ಮಿನಿಟ ತಡೀರಿ ಆಯಿ, ಕದ ತೆಗೀಬ್ಯಾಡ್ರಿ."

ಭೀಮಬಾಯಿ ಕದಕ್ಕೆ ಬೆನ್ನು ಕೊಟ್ಟು ನಿಂತಳು. ಹೊರಗಿನಿಂದ ನಾಲ್ಕು ಗಂಡಸರು ಒದೆಯುತ್ತಿದ್ದರು. ಐದನೆಯ ಏಟಿಗೆ ಮೇಲಿನ ಹಲಗೆ ಸೀಳಿ ಆಕೆಯ ತಲೆಗೆ ಬಡಿಯಿತು, ರಕ್ತ ಕಣ್ಣಿಗಿಳಿಯಿತು. ಆಕೆ ಸರಿಯಲಿಲ್ಲ.

"ಕದ ತೆಗಿ ಮುದುಕಿ! ಇಲ್ಲಾಂದ್ರ ನಿನ್ನೂ ಸೇರಿಸಿ ಮನಿ ಸುಡ್ತೀನಿ!" ಹಣಮಂತರಾಯ ಒದರಿದ.

ಆರರ ರೈಲು ಕೂಗಿ ಹೊರಟಿದ್ದು ಇಬ್ಬರಿಗೂ ಕೇಳಿಸಿತು.

ಅಂಬಿಕಾ ಉಡಿ ಬಿಚ್ಚಿ, ಅಕ್ಕಿ, ಕೊಬ್ಬರಿ, ಖಣ ಎಲ್ಲವನ್ನೂ ಮುದುಕಿಯ ಸೆರಗಿಗೆ ಸುರಿದಳು. "ನೀವ ತುಂಬಿದ್ರ ಸಾಕಿತ್ತಲ್ರಿ ಆಯಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಭೀಮಬಾಯಿಯನ್ನು ಮೆಲ್ಲಗೆ ಬದಿಗೆ ಸರಿಸಿ ಅಗಳಿ ತಾನೇ ತೆಗೆದಳು.

ಪೊಲೀಸರು ಬಂದಾಗ ಓಣಿಯಲ್ಲಿ ಜೀಪಿನ ಧೂಳೂ ಇರಲಿಲ್ಲ. ಜಯಮಾಲಾ ತನ್ನ ಹೊಸ್ತಿಲಲ್ಲಿ ಕೂತು ಬಾಯಿಗೆ ಸೆರಗು ಒತ್ತಿ ಅಳುತ್ತಿದ್ದಳು. ಭೀಮಬಾಯಿ ಆಕೆಯನ್ನು ಬೈಯಲಿಲ್ಲ. ಬೈಯುವ ಹಕ್ಕು ತನಗೆಲ್ಲಿದೆ, ಕರೆದವಳು ತಾನೇ.

"ಹುಡುಗಿ ಯಾವೂರಾಕಿ, ಗೊತ್ತದೇನು?" ಹವಾಲ್ದಾರ ಕೇಳಿದ.

"ಗುಂಡಗುರ್ತಿ," ಎಂದಳು ಭೀಮಬಾಯಿ. ಸೆರಗಿನ ಅಕ್ಕಿಯನ್ನು ಗಂಟು ಕಟ್ಟಿ, ಒಂದು ಕೈಯಿಂದ ನೆತ್ತಿಯ ಗಾಯ ಒತ್ತಿಕೊಂಡು, ಯಾರೂ ಕರೆಯದೆಯೇ ಪೊಲೀಸ್ ಜೀಪು ಹತ್ತಿದಳು. "ನಡೀರಿ, ನಾನೂ ಬರ್ತೀನಿ. ನನ್ನ ಕೈಲೆ ಉಡಿ ತುಂಬೋದು ಉಳದದ."