ಅಕ್ಕನ ಮನೆಯ ಲೈನು

"ಒತ್ತೇ! ಒಂದು ಗುಂಡಿ ಒತ್ತೋಕೆ ಎಷ್ಟು ಹೊತ್ತು ಬೇಕು ನಿನಗೆ?"

ಫೋನಿನಲ್ಲಿ ಅಕ್ಕನ ದನಿ ಗಾಳಿಯ ಸದ್ದಿನ ನಡುವೆ ಹರಿದು ಹರಿದು ಬರುತ್ತಿತ್ತು. ತಂಗಿ ಕರೆಂಟ್ ಕಂಪನಿಯ ಕಂಟ್ರೋಲ್ ರೂಮಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಿರುಗಾಳಿಯ ಅಬ್ಬರ ಇಳಿದ ಮೇಲೆ ಒಂದೊಂದೇ ಗೆರೆ ಹಸಿರಾಗಿತ್ತು. ಸೇತುವೆಯಾಚೆಯದು ಮಾತ್ರ ಬೂದು ಬಣ್ಣದಲ್ಲೇ ಉಳಿದಿತ್ತು. ಅದರ ತುದಿಯಲ್ಲಿ ಅಕ್ಕನ ಮನೆ. ಹಿಂದಿನ ಕೋಣೆಯಲ್ಲಿ ಕೋಳಿಮರಿ ಮಾಡುವ ಪೆಟ್ಟಿಗೆಗಳು, ಅವುಗಳ ತುಂಬ ನಾಳೆಯೋ ನಾಡಿದ್ದೋ ಒಡೆಯಬೇಕಾದ ಮೊಟ್ಟೆ. ಬೆಳಿಗ್ಗೆಯಿಂದ ಕರೆಂಟಿಲ್ಲ, ಕಾವಿಲ್ಲ.

"ಅಕ್ಕ, ಹೊಸ ಸ್ವಿಚ್ಚು ತಾನಾಗೇ ಎರಡು ಸಲ ಹಾಕಿ ನೋಡಿತು, ಎರಡು ಸಲವೂ ಕರೆಂಟು ಉಳೀಲಿಲ್ಲ. ಎಲ್ಲೋ ತಂತಿ ಕಡಿದು ಬಿದ್ದಿರಬಹುದು. ನಮ್ಮವರು ಲೈನು ನೋಡಿಕೊಂಡು ಬಂದು ಸರಿ ಅನ್ನೋವರೆಗೂ ನಾನು ಹಾಕೋ ಹಾಗಿಲ್ಲ."

"ಕಿಟಕಿಯಿಂದ ನೋಡ್ತಾನೇ ಇದೀನಿ. ಕಂಬ ನೆಟ್ಟಗಿದೆ, ತಂತಿ ನೆಟ್ಟಗಿದೆ."

"ನಿನ್ನ ಕಿಟಕಿಗೆ ಕಾಣೋದು ಎರಡೇ ಕಂಬ."

"ನಿನ್ನ ಟೀವಿಗೆ ಒಂದೂ ಕಾಣಲ್ವಲ್ಲ!" ಅಂದ ಅಕ್ಕ ಆಮೇಲೆ ದನಿ ತಗ್ಗಿಸಿದಳು. "ಇನ್ವರ್ಟರ್ ಮಾರು ಅಂದೋಳು ಯಾರೇ?"

ಅಂದವಳು ತಂಗಿಯೇ. ಕಂಪನಿ ಹಳೆ ಕಂಬ ಕಿತ್ತು ಹೊಸದು ನೆಟ್ಟು, ತಾವೇ ಕೆಲಸ ಮಾಡುವ ಸ್ವಿಚ್ಚುಗಳನ್ನು ಕೂರಿಸಿದಾಗ ಅವಳಿಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ. ಅಕ್ಕನ ಅಡುಗೆಮನೆಯಲ್ಲಿ ಕೂತು, "ಇನ್ನು ಎಂಥ ಗಾಳಿ ಬಂದರೂ ಕಣ್ಣು ಮಿಟುಕಿಸೋದರೊಳಗೆ ಕರೆಂಟು ವಾಪಸ್. ಆ ಡಬ್ಬ ಮಾರಿ ಇನ್ನೊಂದು ಮೊಟ್ಟೆ ಪೆಟ್ಟಿಗೆ ತಗೋ" ಅಂದಿದ್ದಳು. ತಂಗಿಯ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದ ಅಕ್ಕ, ಅದೊಂದು ಸಲ ಹಾಕಿಕೊಂಡಿದ್ದಳು.

ಪಕ್ಕದ ಕುರ್ಚಿಯ ಹಿರಿಯ ಆಪರೇಟರು ಟೀ ಲೋಟ ಕೆಳಗಿಟ್ಟರು. "ಒಂದ್ಸಲ ಹಾಕಿ ನೋಡಿ ಮೇಡಂ. ನಿಂತರೆ ನಿಂತಿತು. ನನಗಂತೂ ಇವತ್ತು ಕಣ್ಣು ಸ್ವಲ್ಪ ಮಂಜು."

ಅವಳ ಬೆರಳು ಮೌಸಿನ ಮೇಲಿತ್ತು. ಬೂದು ಗೆರೆಯನ್ನು ನೋಡುತ್ತ ನೋಡುತ್ತ ಯಾರದೋ ಹಿತ್ತಲು ಕಣ್ಣಿಗೆ ಕಟ್ಟಿತು: ನೀರು ನಿಂತ ನೆಲ, ನೀರಿನಲ್ಲಿ ಸುರುಳಿ ಬಿದ್ದ ತಂತಿ, ಹಾರಿಹೋದ ಬಟ್ಟೆ ಎತ್ತಿಕೊಳ್ಳಲು ಬಗ್ಗಿದ ಒಬ್ಬ ಹೆಂಗಸು. ಅವಳಿಗೂ ಒಬ್ಬ ತಂಗಿ ಇದ್ದಾಳು.

"ಆಗಲ್ಲ ಅಕ್ಕ."

ಅತ್ತ ಫೋನು ಇಟ್ಟ ಸದ್ದಾಯಿತು.

ಹೊತ್ತು ಇಳಿಯುವಾಗ ಲೈನ್‌ಮನ್ ಫೋನು ಮಾಡಿದ. ರಸ್ತೆ ತುಂಬ ಮರ ಬಿದ್ದು ತಡವಾಯಿತಂತೆ. "ಕೊನೇ ಕಂಬದವರೆಗೂ ನಡೆದು ಬಂದೆ ಮೇಡಂ, ತಂತಿ ಸರಿಯಾಗಿದೆ. ಯಾವುದೋ ಕೊಂಬೆ ತಗುಲಿ ಉದುರಿದೆ ಅಷ್ಟೇ. ಹಾಕಿ."

ಹಾಕಿದಳು. ಗೆರೆ ಹಸಿರಾಯಿತು, ಹಸಿರಾಗಿಯೇ ನಿಂತಿತು.

"ಆಗಲೇ ಹಾಕಿದ್ರೂ ನಿಲ್ತಿತ್ತು ಬಿಡಿ," ಅಂದರು ಹಿರಿಯರು, ನೋಯಿಸಬೇಕೆಂದೇನಲ್ಲ.

ಅವಳನ್ನು ಚುಚ್ಚಿದ್ದು ಆ ಮಾತಲ್ಲ. ಮಧ್ಯಾಹ್ನದಿಂದ ತಾನು ಮನಸ್ಸಿನೊಳಗೇ ಬೇಡಿಕೊಳ್ಳುತ್ತಿದ್ದದ್ದು ಎಲ್ಲಾದರೂ ತಂತಿ ಕಡಿದಿರಲಿ ಎಂದು. ಅದು ಈಗ ತಿಳಿದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಡ್ಯೂಟಿ ಮುಗಿಸಿ ನೇರ ಅಕ್ಕನ ಮನೆಗೆ ಹೋದಳು. ಪೆಟ್ಟಿಗೆಗಳ ಮೇಲೆ ಮನೆಯ ಕಂಬಳಿ, ಶಾಲು, ಭಾವನ ಸ್ವೆಟರು ಎಲ್ಲ ಹೊದಿಸಿತ್ತು. ಅಕ್ಕ ನೆಲದ ಮೇಲೆ ಕೂತು, ಬೆಚ್ಚಗಿನ ನೀರಿನ ಟಬ್ಬಿಗೆ ಮೊಟ್ಟೆಗಳನ್ನು ಒಂದೊಂದಾಗಿ ಬಿಡುತ್ತಿದ್ದಳು. ಒಳಗೆ ಜೀವವಿದ್ದರೆ ಮೊಟ್ಟೆ ನೀರಿನಲ್ಲಿ ಅಲ್ಲಾಡುತ್ತದೆ.

"ಏನಾಗಿತ್ತಂತೆ?" ತಲೆಯೆತ್ತದೆ ಕೇಳಿದಳು.

ತಂತಿ ಕಡಿದಿತ್ತು ಎಂಬ ಮಾತು ತಂಗಿಯ ನಾಲಿಗೆಯ ತುದಿಯವರೆಗೂ ಬಂದಿತು.

"ಏನೂ ಆಗಿರಲಿಲ್ಲ. ಕೊಂಬೆ ತಂತಿಗೆ ತಗುಲಿ ಉದುರಿತ್ತು, ಅಷ್ಟೇ."

ಅಕ್ಕನ ಕೈ ನೀರಿನ ಮೇಲೆ ಹಾಗೇ ನಿಂತಿತು. ಕೈಯಲ್ಲಿದ್ದ ಮೊಟ್ಟೆಯನ್ನು ಬಹಳ ನಿಧಾನವಾಗಿ ಬಿಟ್ಟಳು.

ತಂಗಿ ಎದುರಿಗೆ ಕೂತು ಟಬ್ಬಿನ ಅಂಚು ಹಿಡಿದಳು.

"ಮುಟ್ಟಬೇಡ," ಅಂದಳು ಅಕ್ಕ. "ನೀರು ಅಲ್ಲಾಡುತ್ತೆ."

ತಂಗಿ ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಲ್ಬಿನ ಬೆಳಕು ನೀರಿನ ಮೇಲೆ ಚೂರುಚೂರಾಗಿದ್ದದ್ದು ಮೆಲ್ಲಗೆ ಒಂದುಗೂಡಿತು. ಇಬ್ಬರೂ ಉಸಿರು ಬಿಗಿಹಿಡಿದು ಟಬ್ಬಿನ ಮೇಲೆ ಬಾಗಿದರು.