ಬಿಸಿಗಾಳಿಗೆ ಒರಗಿಸಿದ ರಟ್ಟು

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆ ಹಿಡಿದರೆ ಶಿವಕಾಶಿಯ ಪ್ರೆಸ್ಸುಗಳಲ್ಲಿ ಮಸಿ ಬೇಗ ಒಣಗುವುದಿಲ್ಲ. ಕ್ಯಾಲೆಂಡರಿನ ರಟ್ಟಿನ ಮೇಲೆ ಅಂಗಡಿಗಳ ಹೆಸರು ಒತ್ತುವುದು ಪೇಚಿಯ ಕೆಲಸ. ಹಸಿ ಇರುವಾಗ ಬೆರಳು ತಾಗಿದರೂ ಹೆಸರು ಕಲಸಿಹೋಗಿ ರಟ್ಟು ದಂಡ. ಫ್ಯಾನ್ ಹಾಕುವಂತಿಲ್ಲ, ಕಾಗದ ಹಾರುತ್ತದೆ.

ಅಡ್ಡಗೋಡೆಯ ಆಚೆ ಸುಡಲೈಮುತ್ತು ಅಣ್ಣಾಚ್ಚಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುತ್ತಿದ್ದರು. ಆ ಪೆಟ್ಟಿಗೆಯ ಬೆನ್ನು ಗೋಡೆಯ ಸಂದಿಯಲ್ಲಿ ಇವಳ ಕಡೆಗಿತ್ತು. ಅದರ ಜಾಲರಿಯಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಹಸಿ ರಟ್ಟನ್ನು ಅಲ್ಲಿ ಒರಗಿಸಿದರೆ ಟೀ ಕುಡಿದು ಬರುವಷ್ಟರಲ್ಲಿ ಒಣಗಿರುತ್ತಿತ್ತು. ಒಂದಿಟ್ಟಳು, ಎರಡಿಟ್ಟಳು. ಅವಸರ ಹೆಚ್ಚಿದಂತೆ ಜಾಲರಿಯೇ ಕಾಣದಷ್ಟು ಒರಗಿಸಿದಳು.

ಕಂಪ್ಯೂಟರಿನ ತೆರೆ ಕಪ್ಪಗಾಯಿತು.

"ಏನ್ ಅಣ್ಣಾಚ್ಚಿ, ನೀವು ಕಣ್ಮುಚ್ಚಿದ್ರೆ ಅದೂ ಮುಚ್ಕೊಳ್ತದಾ? ಒಳ್ಳೆ ಜೋಡಿ!" ಎಂದು ಮಿಷಿನ್ ಓಡಿಸುವ ಕಾಳಿಯಪ್ಪನ್ ನಕ್ಕ. ಸುಡಲೈಮುತ್ತು ಊಟವಾದ ಮೇಲೆ ಕೂತಲ್ಲೇ ತೂಕಡಿಸುವುದು ಎಲ್ಲರಿಗೂ ಗೊತ್ತಿತ್ತು.

ಮರುದಿನವೂ ಹಾಗೇ ಆಯಿತು. ಪ್ರೆಸ್ಸಿನ ಒಡೆಯರಾದ ಮುದಲಾಳಿ ತವಮಣಿ ಬರುವ ಹೊತ್ತಿಗೆ ಪೆಟ್ಟಿಗೆ ತಣ್ಣಗಾಗಿತ್ತು.

"ನಾನು ಮುಟ್ಟಿಲ್ಲ ಮುದಲಾಳಿ," ಎಂದರು ಸುಡಲೈಮುತ್ತು. "ಬಿಸಿ ಮಿತಿ ಮೀರಿದ್ರೆ ಅದು ಮಾಡ್ತಿದ್ದ ಕೆಲಸನೆಲ್ಲ ಒಳಗೆ ಬರೆದಿಟ್ಕೊಂಡು ತಾನೇ ಮಲಗ್ತದೆ. ಇಲ್ದಿದ್ರೆ ಸುಟ್ಟೇ ಹೋಗ್ತದಲ್ಲ?"

"ಚಿತ್ತಿರೈ ಬಿಸಿಲಲ್ಲಿ ಆಗದ ಬಿಸಿ ಐಪ್ಪಸಿ ಮಳೇಲಿ ಆಯ್ತಾ?" ಮುದಲಾಳಿ ಗುಂಡಿ ಒತ್ತಿದರು. ಅರ್ಧ ಜೋಡಿಸಿದ ಪುಟ ಬಿಟ್ಟ ಜಾಗದಲ್ಲೇ ತೆರೆದುಕೊಂಡಿತು. "ನೋಡಿ, ಒಂದಕ್ಷರ ಹೋಗಿಲ್ಲ. ಕೆಟ್ಟು ನಿಂತಿದ್ರೆ ಎಲ್ಲ ಹೋಗ್ಬೇಕಿತ್ತು. ನೀವೇ ಜೋಪಾನವಾಗಿ ಆಫ್ ಮಾಡಿ ನಿದ್ದೆ ತೆಗೆದಿದೀರಾ."

ಪೇಚಿ ಗೋಡೆಯ ಈಚೆ ನಿಂತು ಕೇಳಿದಳು. 'ಬಿಸಿ' ಎಂಬ ಮಾತು ಕಿವಿಗೆ ಬಿದ್ದೊಡನೆ ಕೈ ಸಂದಿಗೆ ಹೋಯಿತು. ರಟ್ಟುಗಳು ಜಾಲರಿಯನ್ನು ಪೂರ್ತಿ ಮುಚ್ಚಿದ್ದವು. ತಾನೇ ಅದರ ಉಸಿರು ಕಟ್ಟಿಸಿದ್ದು! ಹೇಳಬೇಕೆಂದು ಬಾಯಿ ತೆರೆದಳು, ಮುದಲಾಳಿಯ ಮುಖ ನೋಡಿ ಮುಚ್ಚಿದಳು. ಅವರು ಹೋದ ಮೇಲೆ ಸದ್ದಾಗದಂತೆ ರಟ್ಟುಗಳನ್ನೆಲ್ಲ ಎಳೆದುಕೊಂಡಳು. ಇನ್ನು ಅದು ನಿಲ್ಲುವುದಿಲ್ಲ, ಅಣ್ಣಾಚ್ಚಿಗೂ ಬೈಗುಳ ತಪ್ಪುತ್ತದೆ ಎಂದುಕೊಂಡಳು.

ಮಾರನೆಯ ದಿನ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಸಂಜೆ ಮುದಲಾಳಿ ಬಂದು ಎಲ್ಲರೆದುರೇ ಅಂದರು, "ನೋಡಿದ್ರಾ? ಬೈದ ಮೇಲೆ ಬಿಸೀನೂ ಇಲ್ಲ, ನಿದ್ದೇನೂ ಇಲ್ಲ! ಅಣ್ಣಾಚ್ಚಿ, ದೀಪಾವಳಿಗೆ ಕೊಡೋ ವೇಷ್ಟಿ-ಪಂಚೆ ತಗೊಂಡು ಹೋಗಿ. ಆಮೇಲೆ ಬರೋದು ಬೇಡ. ಸುಳ್ಳು ಹೇಳೋರನ್ನ ಇಟ್ಕೊಂಡು ಸೀಸನ್ ನಡೆಸೋಕಾಗಲ್ಲ."

ಅಣ್ಣಾಚ್ಚಿಯನ್ನು ಉಳಿಸಲೆಂದು ಪೇಚಿ ಮಾಡಿದ್ದೇ ಅವರ ಕುತ್ತಿಗೆಗೆ ಬಂದಿತ್ತು.

ಸುಡಲೈಮುತ್ತು ವಾದ ಮಾಡಲಿಲ್ಲ. ಬೆನ್ನಿಗಿಟ್ಟುಕೊಳ್ಳುತ್ತಿದ್ದ ಸಣ್ಣ ದಿಂಬನ್ನು ಚೀಲಕ್ಕೆ ತುರುಕುತ್ತಿದ್ದರು. ಅವಳು ಬಾಗಿಲಲ್ಲಿ ನಿಂತದ್ದನ್ನು ನೋಡಿ ನಗಲು ಪ್ರಯತ್ನಿಸಿದರು.

"ನಾನೇ ನಿದ್ದೆಗಣ್ಣಲ್ಲಿ ಒತ್ತಿರ್ಬೇಕು ತಾಯಿ. ನೆನಪಿಲ್ಲ. ಬೆಳಿಗ್ಗೆ ಗ್ಯಾಸ್ ಆರಿಸಿದ್ನೋ ಇಲ್ವೋ ಅಂತ ದಾರಿಯಿಂದ ವಾಪಸ್ ಹೋಗಿ ನೋಡ್ಬಂದೆ. ತಲೆ ಹೋಗ್ತಾ ಇದೆ ಅನ್ಸತ್ತೆ."

ಆ ಮಾತನ್ನು ಅವಳಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಆಗಷ್ಟೇ ಒತ್ತಿದ ರಟ್ಟುಗಳನ್ನು ತಂದು, ಮುದಲಾಳಿ ನೋಡುತ್ತಿದ್ದಂತೆಯೇ ಜಾಲರಿಗೆ ಒತ್ತಾಗಿ ಒರಗಿಸಿದಳು.

"ಏಯ್, ಏನದು?"

"ದಿನಾ ಹಿಂಗೇ ಇಡ್ತಿದ್ದೆ, ಮುದಲಾಳಿ. ನೀವೇ ನೋಡಿ."

ಯಾರೂ ಗುಂಡಿಯ ಹತ್ತಿರ ಹೋಗಲಿಲ್ಲ. ಒಳಗಿನ ಸಣ್ಣ ಫ್ಯಾನು ಮೊದಲು ಗುಂಯ್‌ಗುಟ್ಟಿತು, ಆಮೇಲೆ ಏದುಸಿರು ಬಿಟ್ಟಿತು. ಕಾಳಿಯಪ್ಪನ್ ತಂದ ಟೀ ಆರುವ ಹೊತ್ತಿಗೆ ತೆರೆ ಕಪ್ಪಗಾಯಿತು. ಮುದಲಾಳಿ ಪೆಟ್ಟಿಗೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು.

"ಅಣ್ಣಾಚ್ಚಿ, ಚೀಲ ಇಳ್ಸಿ," ಎಂದರು ಬೇರೆಲ್ಲೋ ನೋಡುತ್ತ. ಪೇಚಿಯ ಕಡೆ ತಿರುಗಿ, "ನಿನ್ನ ಆಮೇಲೆ ವಿಚಾರಿಸ್ತೀನಿ," ಎಂದು ಹೊರಗೆ ಹೋದರು.

ಸುಡಲೈಮುತ್ತು ಚೀಲವನ್ನು ಕೆಳಗಿಟ್ಟರು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ, ಅಣ್ಣಾಚ್ಚಿ."

"ನಿನ್ನೇನೇ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬಗ್ಗಿ, ತಂತಿಗಳನ್ನು ಬಿಡಿಸಿ, ಆ ಭಾರದ ಪೆಟ್ಟಿಗೆಯನ್ನು ಎದುರುಗೋಡೆಯ ಕಡೆಗೆ ಎಳೆಯತೊಡಗಿದರು. ಪೇಚಿ ಇನ್ನೊಂದು ತುದಿಗೆ ಕೈ ಹಾಕಿದಳು.

"ಬಿಡು," ಎಂದರು ಅವರು, ತಲೆ ಎತ್ತದೆ.